ಮಾರಿದ್ದು ಆಟಗಾರನನ್ನ, ನೊಂದಿದ್ದು ಊರು



ಇವತ್ತು ರಾಜಕೀಯ ಸ್ವಲ್ಪ ಪಕ್ಕಕ್ಕಿಡೋಣ. ಬಾಸ್ಕೆಟ್‌ಬಾಲ್ ಬಗ್ಗೆ ಮಾತಾಡೋಣ. ಆಟದ ನಿಯಮ ಗೊತ್ತಿಲ್ಲದಿದ್ರೂ ಚಿಂತೆಯಿಲ್ಲ. ಆರ್‌ಸಿಬಿಯನ್ನ ಒಂದೇ ಒಂದು ಸೀಸನ್ ಮನಸಾರೆ ಪ್ರೀತಿಸಿದವರಿಗೂ ಈ ಕಥೆ ಅರ್ಥವಾಗುತ್ತೆ.

ಅಮೆರಿಕದ ಟೆಕ್ಸಾಸ್‌ನಲ್ಲಿ ಡಲ್ಲಾಸ್ ಅಂತ ಊರು. ನಮ್ಮ ಕನ್ನಡಿಗರೂ ಸಾಕಷ್ಟು ಮಂದಿ ಅಲ್ಲಿದ್ದಾರೆ. ಅಲ್ಲಿನ ಬಾಸ್ಕೆಟ್‌ಬಾಲ್ ತಂಡ ಡಲ್ಲಾಸ್ ಮಾವೆರಿಕ್ಸ್. 2025ರ ಅಕ್ಟೋಬರ್ 22ಕ್ಕೆ ತವರಿನಲ್ಲಿ ಅದರ ಹೊಸ ಸೀಸನ್ ಶುರುವಾಯ್ತು. ಎದುರಾಳಿ ಸ್ಯಾನ್ ಆಂಟೋನಿಯೊ ಸ್ಪರ್ಸ್. ಅದಕ್ಕೂ ಮುಂಚೆ ಅಭ್ಯಾಸ ಪಂದ್ಯಗಳು ನಡೀತಾ ಇದ್ದಾಗ, ಅವುಗಳ ಜೊತೆಗೇ ಅಭಿಮಾನಿಗಳ ಜಗಳವೂ ನಡೀತಾ ಇತ್ತು. ಈ ಸಲ ತಂಡ ಏನಾಗುತ್ತೆ? ಕಪ್ ಗೆಲ್ಲುತ್ತಾ, ಮಣ್ಣು ಮುಕ್ಕುತ್ತಾ? ಪ್ರತಿ ಊರಲ್ಲೂ ಪ್ರತಿ ವರ್ಷ ನಡೆಯುವ ಜಗಳ ಇದು. ಆದ್ರೆ ಡಲ್ಲಾಸ್‌ನ ಜಗಳದಲ್ಲಿ ಆಟಕ್ಕಿಂತ ದೊಡ್ಡದೊಂದು ಪ್ರಶ್ನೆ ಸೇರಿಕೊಂಡಿತ್ತು. ಈ ತಂಡ ಯಾರದ್ದು?

ಏನಾಯ್ತು ಅಂತ ಹೇಳ್ತೀನಿ ಕೇಳಿ.

2025ರ ಫೆಬ್ರವರಿ 1, ಶನಿವಾರ ರಾತ್ರಿ. ಡಲ್ಲಾಸ್‌ನಲ್ಲಿ ಇನ್ನೇನು ಮಧ್ಯರಾತ್ರಿ ಆಗಬೇಕು. ನಮಗೆ ಆಗಲೇ ಭಾನುವಾರ ಬೆಳಿಗ್ಗೆ, ಹಿಂದಿನ ದಿನದ ಕೇಂದ್ರ ಬಜೆಟ್‌ನ ಲೆಕ್ಕಾಚಾರವೇ ಇಲ್ಲಿ ಮುಗಿದಿರಲಿಲ್ಲ. ಆಗ ಅಲ್ಲಿ ಒಂದು ಸುದ್ದಿ ಸಿಡಿಯಿತು. ಮಾವೆರಿಕ್ಸ್ ತಂಡ ಲೂಕಾ ಡಾನ್ಚಿಚ್‌ನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟುಬಿಟ್ಟಿದೆ! ಬದಲಿಗೆ ಬಂದವರು ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಜೊತೆಗೆ 2029ರ ಒಂದು ಡ್ರಾಫ್ಟ್ ಆಯ್ಕೆ. ಸುದ್ದಿ ಕೊಟ್ಟ ಪತ್ರಕರ್ತನ ಖಾತೆಯನ್ನೇ ಯಾರೋ ಹ್ಯಾಕ್ ಮಾಡಿದ್ದಾರೆ ಅಂದುಕೊಂಡರು ಜನ. ಅಷ್ಟು ನಂಬಲಾಗದ ಸುದ್ದಿ.

ಯಾಕೆ ನಂಬಲಾಗಲಿಲ್ಲ? ಲೂಕಾಗೆ ಆಗ ಇನ್ನೂ 25 ವರ್ಷ. ಸ್ಲೊವೇನಿಯಾದ ಹುಡುಗ, 19ನೇ ವಯಸ್ಸಿಗೆ ಡಲ್ಲಾಸ್‌ಗೆ ಬಂದವನು. 2023-24ರಲ್ಲಿ ಇಡೀ ಲೀಗ್‌ನಲ್ಲಿ ಪಂದ್ಯಕ್ಕೆ ಅತಿ ಹೆಚ್ಚು ಅಂಕ ಗಳಿಸಿದವನು. ಅದೇ ವರ್ಷ ತಂಡವನ್ನು ಫೈನಲ್‌ಗೆ ಕರ್ಕೊಂಡು ಹೋದವನು. ಬಾಸ್ಟನ್ ಎದುರು 4-1ರಲ್ಲಿ ಸೋತರು, ನಿಜ. ಆದ್ರೆ ಫೈನಲ್ ಆಡಿಸಿದವನನ್ನ ಎಂಟೇ ತಿಂಗಳಲ್ಲಿ ಕಳಿಸಿಬಿಡೋದಾ?

ಐಪಿಎಲ್‌ನಲ್ಲೂ ಇಂಥ ಅದಲುಬದಲು ಉಂಟು. ಹಾರ್ದಿಕ್ ಪಾಂಡ್ಯ ಗುಜರಾತ್ ಬಿಟ್ಟು ಮುಂಬೈಗೆ ಹೋದಾಗ ಏನೆಲ್ಲ ಆಯ್ತು, ನಿಮಗೇ ಗೊತ್ತು. ಆದ್ರೆ ನಮ್ಮಲ್ಲಿ ಆಟಗಾರನ ಒಪ್ಪಿಗೆ ಬೇಕು. ಅಲ್ಲಿ ಹೆಚ್ಚಿನವರಿಗೆ ಆ ಹಕ್ಕಿಲ್ಲ. ರಾತ್ರಿ ಮಲಗುವಾಗ ಡಲ್ಲಾಸ್, ಬೆಳಿಗ್ಗೆ ಎದ್ದರೆ ಲಾಸ್ ಏಂಜಲೀಸ್. ಲೂಕಾಗೂ ಹಾಗೇ ಆಯ್ತು.

ಆಗಿನ ಮ್ಯಾನೇಜರ್ ನಿಕೋ ಹ್ಯಾರಿಸನ್ ಕೊಟ್ಟ ಕಾರಣ ಏನು? ಕಪ್ ಗೆಲ್ಲಬೇಕಾದ್ರೆ ಡಿಫೆನ್ಸ್ ಬೇಕು, ಅದಕ್ಕೇ ಡೇವಿಸ್ ಬೇಕು. ಈ ಮಾತಿನಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳಲ್ಲ. ಡೇವಿಸ್ 2020ರಲ್ಲಿ ಲೇಕರ್ಸ್ ಜೊತೆ ಕಪ್ ಗೆದ್ದವನು, ಎದುರಾಳಿಯನ್ನ ಬುಟ್ಟಿಯ ಹತ್ತಿರ ಸುಳಿಯೋಕೂ ಬಿಡದ ಆಟಗಾರ. ಲೂಕಾನ ಫಿಟ್‌ನೆಸ್ ಬಗ್ಗೆಯೂ ಗೊಣಗಾಟ ಇದ್ದೇ ಇತ್ತು. ಅವನನ್ನ ಉಳಿಸಿಕೊಳ್ಳಬೇಕಾದ್ರೆ ಮುಂದೆ ಸುಮಾರು 34.5 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಬೇಕಾಗಿತ್ತು. ಕಂಪನಿ ನಡೆಸುವವರ ಲೆಕ್ಕಪುಸ್ತಕದಲ್ಲಿ ಇದಕ್ಕೆಲ್ಲ ಜಾಗ ಇದೆ.

ಜಾಗ ಇಲ್ಲದೇ ಇರೋದು ಅಭಿಮಾನಿಗೆ.

ಅಮೆರಿಕನ್ ಏರ್‌ಲೈನ್ಸ್ ಸೆಂಟರ್ ಅನ್ನೋದು ಇವರ ಕ್ರೀಡಾಂಗಣ. ಅದರ ಮುಂದೆ ಡರ್ಕ್ ನೋವಿಟ್ಸ್ಕಿ ಪ್ರತಿಮೆ ಇದೆ. ಒಂದೇ ತಂಡಕ್ಕೆ 21 ಸೀಸನ್ ಆಡಿದ ಜರ್ಮನ್ ಆಟಗಾರ. ನಮಗೆ ವಿರಾಟ್ ಕೊಹ್ಲಿ ಇದ್ದ ಹಾಗೆ ಅಂತಿಟ್ಟುಕೊಳ್ಳಿ. ಲೂಕಾ ಹೋದ ಸುದ್ದಿ ಬಂದಾಗ ಜನ ಆ ಪ್ರತಿಮೆ ಹತ್ತಿರ ಸೇರಿದರು. ಶವಪೆಟ್ಟಿಗೆ ತಂದಿಟ್ಟರು. ಹೂ ಇಟ್ಟರು. ಪಂದ್ಯಗಳಲ್ಲಿ ನಿಕೋನನ್ನ ಕಿತ್ತುಹಾಕಿ ಅನ್ನೋ ಘೋಷಣೆ ಮೊಳಗಿತು, ಕೂಗಿದ ಕೆಲವರನ್ನ ಕ್ರೀಡಾಂಗಣದಿಂದ ಹೊರಗೂ ಕಳಿಸಿದರು. ಆಮೇಲೆ ಏನಾಯ್ತು ಗೊತ್ತಾ? ಮುಂದಿನ ಸೀಸನ್‌ನ ಟಿಕೆಟ್ ಬೆಲೆ ಏರಿಸಿದರು! ಮನೆ ಮಗನನ್ನ ಕಳಿಸಿ, ಊಟದ ಬಿಲ್ಲನ್ನೂ ಕೈಗೆ ಕೊಟ್ಟ ಹಾಗೆ.

ದೈವವೂ ಕೈಬಿಟ್ಟಿತು. ಡೇವಿಸ್ ಡಲ್ಲಾಸ್ ಪರ ಮೊದಲ ಪಂದ್ಯದಲ್ಲೇ ಗಾಯಗೊಂಡ. ಮಾರ್ಚ್ 3ಕ್ಕೆ ಇನ್ನೊಬ್ಬ ಸ್ಟಾರ್ ಕೈರಿ ಅರ್ವಿಂಗ್‌ನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆ ನೋವಿನಲ್ಲೇ ನಿಂತು ಎರಡು ಫ್ರೀ ಥ್ರೋ ಹಾಕಿ, ಎರಡನ್ನೂ ಬುಟ್ಟಿಗಿಳಿಸಿ ಹೊರನಡೆದ. ಫೈನಲ್ ಆಡಿದ್ದ ತಂಡ 39 ಗೆಲುವು, 43 ಸೋಲಿನೊಂದಿಗೆ ಸೀಸನ್ ಮುಗಿಸಿತು.

ಏಪ್ರಿಲ್ 9ಕ್ಕೆ ಲೂಕಾ ಲೇಕರ್ಸ್ ಜೆರ್ಸಿ ತೊಟ್ಟು ಡಲ್ಲಾಸ್‌ಗೆ ಬಂದ. ದೊಡ್ಡ ಪರದೆ ಮೇಲೆ ಅವನ ಹಳೇ ಆಟ ಹಾಕಿದಾಗ ಬೆಂಚಿನ ಮೇಲೆ ಕೂತು ಅತ್ತ. ಕಣ್ಣೊರೆಸಿಕೊಂಡು ಎದ್ದ, 45 ಅಂಕ ಬಾರಿಸಿದ, ಲೇಕರ್ಸ್ 112-97ರಲ್ಲಿ ಗೆದ್ದಿತು. ತವರಿನ ಜನ ತಮ್ಮ ತಂಡ ಸೋಲುವಾಗ ಎದುರಾಳಿಗೆ ಚಪ್ಪಾಳೆ ತಟ್ಟಿದರು.

ಈಗ ನೋಡಿ, ಅದರ ಮರುದಿನ ಏಪ್ರಿಲ್ 10. ಬೆಂಗಳೂರು, ಚಿನ್ನಸ್ವಾಮಿ. ನಮ್ಮ ಕೆ.ಎಲ್. ರಾಹುಲ್ ಡೆಲ್ಲಿ ಪರ ಆಡಿ ಔಟಾಗದೆ 93 ಹೊಡೆದ. ಆರ್‌ಸಿಬಿಯನ್ನ ಸೋಲಿಸಿದ. ಬ್ಯಾಟಿನಿಂದ ನೆಲದ ಮೇಲೆ ಗೆರೆ ಎಳೆದು, ಬ್ಯಾಟ್ ಊರಿ, ಇದು ನನ್ನ ಜಾಗ ಅಂದ. ಸೋತ ಸಂಕಟ ಒಂದು ಕಡೆ, ನಮ್ಮ ಹುಡುಗ ಅನ್ನೋ ಹೆಮ್ಮೆ ಇನ್ನೊಂದು ಕಡೆ. ಅವತ್ತು ಬೆಂಗಳೂರಿಗೆ ಆಗಿದ್ದು ಹಿಂದಿನ ರಾತ್ರಿ ಡಲ್ಲಾಸ್‌ಗೆ ಆಗಿತ್ತು. ಹನ್ನೆರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ, ಒಂದೇ ಸಂಕಟ.

ಕಥೆ ಅಲ್ಲಿಗೇ ಮುಗಿದಿದ್ರೆ ಅಲ್ಲಿ ಜಗಳ ಇರ್ತಿರಲಿಲ್ಲ, ಬರೀ ಶೋಕ ಇರ್ತಿತ್ತು. ಆದ್ರೆ ಮೇ 12ಕ್ಕೆ ಒಂದು ಪವಾಡ ನಡೀತು.

ಅಮೆರಿಕದಲ್ಲಿ ಐಪಿಎಲ್ ಥರ ಹರಾಜು ಇಲ್ಲ, ಡ್ರಾಫ್ಟ್ ಇದೆ. ಹೊಸ ಹುಡುಗರನ್ನ ತಂಡಗಳು ಸರದಿ ಪ್ರಕಾರ ಆರಿಸಿಕೊಳ್ತವೆ. ಪ್ಲೇಆಫ್ ತಲುಪದ 14 ತಂಡಗಳಿಗೆ ಲಾಟರಿ. ಕೆಟ್ಟದಾಗಿ ಆಡಿದವರಿಗೆ ಹೆಚ್ಚು ಅವಕಾಶ, ಅವರೂ ಉದ್ಧಾರ ಆಗಲಿ ಅಂತ. ಚೆಂಡುಗಳ ಮೇಲಿನ ಸಂಖ್ಯೆಗಳಿಂದ ಒಂದು ಸಾವಿರ ಜೋಡಣೆ ಮಾಡಿ ತಂಡಗಳಿಗೆ ಹಂಚ್ತಾರೆ. ಅದರಲ್ಲಿ ಡಲ್ಲಾಸ್ ಪಾಲಿಗೆ ಬಂದಿದ್ದು ಬರೀ 18, ಅಂದ್ರೆ ಶೇಕಡಾ 1.8. ಆ ಹದಿನೆಂಟರಲ್ಲಿ ಒಂದು ಎದ್ದು ಬಂತು! ಮೊದಲ ಆಯ್ಕೆ ಡಲ್ಲಾಸ್‌ಗೆ. ಬಂದವನು ಕೂಪರ್ ಫ್ಲ್ಯಾಗ್. ಮೇನ್ ರಾಜ್ಯದ ಪುಟ್ಟ ಊರು ನ್ಯೂಪೋರ್ಟ್‌ನವನು, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷ ಆಡಿ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಅನ್ನಿಸಿಕೊಂಡವನು. ಆಗ ವಯಸ್ಸು 18. 2025ರ ಡಿಸೆಂಬರ್‌ಗೆ 19 ತುಂಬಿತು.

ಆ ಸೀಸನ್‌ಗೆ ಮುಂಚೆ ಅಲ್ಲಿನ ಅಭಿಮಾನಿಗಳು ಮೂರು ಗುಂಪಾಗಿದ್ದರು.

ಮೊದಲ ಗುಂಪು ಹೇಳ್ತಿದ್ದದ್ದು: ಮುಂದೆ ನೋಡ್ರಪ್ಪ. ಡೇವಿಸ್, ಫ್ಲ್ಯಾಗ್, ಲೈವ್ಲಿ, ಗ್ಯಾಫರ್ಡ್, ಎಲ್ಲರೂ ಆರೂಮುಕ್ಕಾಲು ಅಡಿ ಅಥವಾ ಅದಕ್ಕಿಂತ ಎತ್ತರ. ಎದುರು ಬಂದವರಿಗೆ ಗೋಡೆ ಕಟ್ಟಿದ ಹಾಗೆ. ಕ್ಲೇ ಥಾಂಪ್ಸನ್ ದೂರದಿಂದ ಹೊಡೀತಾನೆ. ಅರ್ವಿಂಗ್ ವಾಪಸ್ ಬರೋವರೆಗೆ ಹೇಗಾದ್ರೂ ಸಂಭಾಳಿಸಿದ್ರೆ, ಆಮೇಲೆ ನಮ್ಮದೇ ಆಟ.

ಎರಡನೇ ಗುಂಪು ಕೇಳ್ತಿದ್ದದ್ದು: ಗೋಡೆ ಸರಿ ಸ್ವಾಮಿ, ಬಾಗಿಲು ಎಲ್ಲಿ? ಚೆಂಡು ತಂದು ಆಟ ಕಟ್ಟೋರು ಯಾರು? ಹೊಸದಾಗಿ ಬಂದ ಡಿ'ಆಂಜಲೊ ರಸೆಲ್ ಮೇಲೆ ಎಷ್ಟು ಭರವಸೆ ಇಡೋದು? ಆಗ ಕೋಚ್ ಜೇಸನ್ ಕಿಡ್ ಆ ಕೆಲಸವನ್ನೂ ಫ್ಲ್ಯಾಗ್ ಕೈಗೆ ಕೊಟ್ಟು ನೋಡ್ತಿದ್ದರು. ಆಗ ಡೇವಿಸ್‌ಗೆ 32, ಅರ್ವಿಂಗ್‌ಗೆ 33, ಇಬ್ಬರಿಗೂ ಗಾಯದ ಇತಿಹಾಸ. 2027ರಿಂದ 2030ರವರೆಗೆ ತನ್ನದೇ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆ ಡಲ್ಲಾಸ್ ಹತೋಟಿಯಲ್ಲಿರಲಿಲ್ಲ, ಹಳೇ ವ್ಯವಹಾರಗಳಲ್ಲಿ ಬಿಟ್ಟುಕೊಟ್ಟಾಗಿತ್ತು. ಇವತ್ತು ಸೋತರೂ ನಾಳೆಗೆ ಲಾಭ ಇಲ್ಲ. ಈ ಗುಂಪಿನ ಲೆಕ್ಕವನ್ನ ತಳ್ಳಿಹಾಕೋದು ಕಷ್ಟ.

ಮೂರನೇ ಗುಂಪಿಗೆ ಲೆಕ್ಕವೇ ಬೇಡವಾಗಿತ್ತು. ಅವರು ಟಿವಿ ಆಫ್ ಮಾಡಿದ್ದರು. ಕೆಲವರು ಲೇಕರ್ಸ್ ನೋಡೋಕೆ ಶುರು ಮಾಡಿದ್ದರು. 2025ರ ಬೇಸಿಗೆಯಲ್ಲಿ ಲೂಕಾ ತೂಕ ಇಳಿಸಿಕೊಂಡು ಬಂದು, ಯುರೋಪಿನ ಟೂರ್ನಿಯಲ್ಲಿ ಸ್ಲೊವೇನಿಯಾ ಪರ ಮಿಂಚಿದ್ದನ್ನ ನೋಡಿ ಇವರ ಗಾಯಕ್ಕೆ ಇನ್ನಷ್ಟು ಉಪ್ಪು ಬಿತ್ತು.

ಹಂಗಾದ್ರೆ ಯಾರು ಸರಿ? ಕಾಗದದ ಮೇಲಿನ ತಂಡ ನೋಡಿ ತೀರ್ಪು ಕೊಡಬಾರದು ಅನ್ನೋದಕ್ಕೆ ಡಲ್ಲಾಸ್‌ಗಿಂತ ದೊಡ್ಡ ಸಾಕ್ಷಿ ಇಲ್ಲ. 2010ರ ಜುಲೈನಲ್ಲಿ ಲೆಬ್ರಾನ್ ಜೇಮ್ಸ್ ಮಯಾಮಿ ಸೇರಿದಾಗ ವೇದಿಕೆ ಮೇಲೆ ನಿಂತು, ಎಷ್ಟು ಕಪ್ ಗೆಲ್ತೀವಿ ಅಂತ ಎಣಿಸಿದ್ದ. ಅದೇ ವರ್ಷ ಸೀಸನ್‌ಗೆ ಮುಂಚೆ ಡಲ್ಲಾಸ್‌ನ ಜೇಸನ್ ಟೆರಿ ತನ್ನ ತೋಳಿನ ಮೇಲೆ ಕಪ್‌ನ ಹಚ್ಚೆ ಹಾಕಿಸಿಕೊಂಡ. ನಕ್ಕವರೇ ಜಾಸ್ತಿ. 2011ರ ಜೂನ್‌ನಲ್ಲಿ ನೋವಿಟ್ಸ್ಕಿ, ಟೆರಿ, ಮುಂದೆ ಡಲ್ಲಾಸ್ ಕೋಚ್ ಆದ ಇದೇ ಕಿಡ್, ಎಲ್ಲ ಸೇರಿ ಅದೇ ಮಯಾಮಿಯನ್ನ 4-2ರಲ್ಲಿ ಸೋಲಿಸಿದರು. ಡಲ್ಲಾಸ್ ಇತಿಹಾಸದ ಒಂದೇ ಕಪ್ ಅದು.

ನಮ್ಮದನ್ನೇ ನೋಡಿ. 2024ರ ನವೆಂಬರ್‌ನಲ್ಲಿ ಜೆಡ್ಡಾ ಹರಾಜು ಮುಗಿದಾಗ ಆರ್‌ಸಿಬಿ ಅಭಿಮಾನಿಗಳು ಎಷ್ಟು ಬೈದಿದ್ದರು! ಸಿರಾಜ್‌ನ ಬಿಟ್ಟರು, ರಾಹುಲ್‌ನ ತರಲಿಲ್ಲ, ಇದೊಂದು ತಂಡನಾ ಅಂತ. 2025ರ ಜೂನ್ 3ಕ್ಕೆ ಅದೇ ತಂಡ 18 ವರ್ಷದ ಕಾಯುವಿಕೆ ಮುಗಿಸಿ ಕಪ್ ಎತ್ತಿತು.

ಮರುದಿನ ಏನಾಯ್ತು ಅನ್ನೋದನ್ನ ನಾನು ಹೇಳಬೇಕಾಗಿಲ್ಲ. ಚಿನ್ನಸ್ವಾಮಿ ಹೊರಗೆ 11 ಜೀವ ಹೋಯ್ತು. ಸಂಭ್ರಮಿಸೋಕೆ ಬಂದಿದ್ದ ಮಕ್ಕಳು. ಅವರ ಪ್ರೀತಿ ಎಲ್ಲರಿಗೂ ಬೇಕಿತ್ತು, ಅವರ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಡಲ್ಲಾಸ್‌ನಲ್ಲಿ ಆಗಿದ್ದನ್ನ ಈ ಸಾವಿಗೆ ಹೋಲಿಸಬಾರದು, ನಾನು ಹೋಲಿಸಲ್ಲ. ಆದ್ರೆ ಅಭಿಮಾನಿಯ ಜೇಬನ್ನ ಎಣಿಸುವವರು ಅಭಿಮಾನಿಯನ್ನ ಎಣಿಸೋದಿಲ್ಲ ಅನ್ನೋ ಕಹಿ ಸತ್ಯ ಎರಡೂ ಊರಿಗೆ ಗೊತ್ತಾಗಿದೆ.

ಹಾಗಾಗಿ ಡಲ್ಲಾಸ್ ಗೆಲ್ಲುತ್ತೋ ಸೋಲುತ್ತೋ ಅನ್ನೋ ಭವಿಷ್ಯ ನಾನು ಹೇಳಲ್ಲ. ನನಗೆ ಯೋಚನೆ ಇದ್ದದ್ದು ಆ ಹದಿನೆಂಟರ ಹುಡುಗನದ್ದು. ಈ ತಂಡ ಗೆದ್ದಿದ್ರೆ ಆಗಿನ ಮ್ಯಾನೇಜರ್, ನೋಡಿದ್ರಾ ನಾನು ಮಾಡಿದ್ದೇ ಸರಿ ಅಂತಿದ್ದರು. ಸೋತರೆ ಜನ, ಲೂಕಾ ಇದ್ದಿದ್ರೆ ಅಂತಿದ್ದರು. ಎರಡೂ ಕಡೆಯವರು ತಕ್ಕಡಿಯಲ್ಲಿ ಇಡ್ತಿದ್ದದ್ದು ಕೂಪರ್ ಫ್ಲ್ಯಾಗ್‌ನನ್ನ. ಲೂಕಾನನ್ನ ಮಾರಿದ ರಾತ್ರಿ ಈ ಹುಡುಗ ಕಾಲೇಜಿನಲ್ಲಿದ್ದ. ಆ ವ್ಯವಹಾರದಲ್ಲಿ ಅವನ ಪಾಲು ಸೊನ್ನೆ. ದೊಡ್ಡವರು ಮಾಡಿದ ಸಾಲವನ್ನ ಮನೆಗೆ ಹೊಸದಾಗಿ ಬಂದ ಹುಡುಗ ಯಾಕೆ ತೀರಿಸಬೇಕು?

ತಂಡದ ಮಾಲೀಕತ್ವ ಕೈ ಬದಲಾಯಿಸುತ್ತೆ. 2023ರ ಕೊನೆಯಲ್ಲಿ ಮಾವೆರಿಕ್ಸ್‌ನ ಬಹುಪಾಲು ಷೇರು ಮಾರ್ಕ್ ಕ್ಯೂಬನ್ ಕೈಯಿಂದ ಲಾಸ್ ವೇಗಸ್‌ನ ಕ್ಯಾಸಿನೊ ಕುಟುಂಬಕ್ಕೆ ಹೋಯ್ತು. ಮ್ಯಾನೇಜರ್ ಬದಲಾಗ್ತಾನೆ, ಆಟಗಾರ ಬದಲಾಗ್ತಾನೆ. ಬದಲಾಗದೆ ಅದೇ ಸೀಟಿನಲ್ಲಿ ಕೂರೋದು ಅಭಿಮಾನಿ ಒಬ್ಬನೇ. ಕಾಗದದಲ್ಲಿ ತಂಡ ಯಾರ ಹೆಸರಲ್ಲಿದ್ರೂ, ಅದಕ್ಕೆ ವಯಸ್ಸು ಕೊಟ್ಟವನು ಅವನು. ಸಿಟ್ಟು ಮಾಡೋ ಹಕ್ಕು ಅವನಿಗೆ ಖಂಡಿತ ಇದೆ. ಆ ಸಿಟ್ಟಿಗೆ ಸರಿಯಾದ ವಿಳಾಸವೂ ಇರಬೇಕು, ಅಷ್ಟೇ.

ಡಲ್ಲಾಸ್‌ನಲ್ಲಿರುವ ನಮ್ಮ ಕನ್ನಡಿಗರಿಗೂ ಇದೇ ಮಾತು. ಮ್ಯಾಚಿಗೆ ಹೋದ್ರೆ, ಘೋಷಣೆ ಕೂಗಬೇಕು ಅನ್ನಿಸಿದ್ರೆ ಮಾಲೀಕರು ಕೂತಿರೋ ಕಡೆ ಮುಖ ಮಾಡಿ ಜೋರಾಗೇ ಕೂಗಿ. ಆ ಹುಡುಗನ ಕೈಗೆ ಚೆಂಡು ಬಂದಾಗ ಮಾತ್ರ, ಅವನು ತಪ್ಪೇ ಮಾಡಲಿ, ಒಂದು ಚಪ್ಪಾಳೆ ಹೊಡೀರಿ. ಹದಿನೇಳು ಸೀಸನ್ ಸೋತರೂ ಕೈ ಬಿಡದ ಊರಿನವರು ನೀವು. ನಿಮಗೆ ಹೇಳಿಕೊಡಬೇಕಾ?