ತಪ್ಪೊಪ್ಪಿಕೊಂಡ ನೌಕಾಧಿಕಾರಿ



ಇಂದು ನಾವು ಒಬ್ಬ ಜರ್ಮನ್ ನೌಕಾಧಿಕಾರಿಯ ವಿಷಯ ಹೇಳಬೇಕೆಂದಿದ್ದೇವೆ. ಅವರು ನಮ್ಮವರಲ್ಲ, ಒಂದು ಕಾಲದಲ್ಲಿ ಕಾರ್ಮಿಕರ ವಿರುದ್ಧ ಬಂದೂಕು ಹಿಡಿದವರು. ಆದರೂ ಅವರ ಬಾಳಿನಿಂದ ಗಿರಣಿ ಕೆಲಸಗಾರನೂ ಸಣ್ಣ ಅಂಗಡಿಕಾರನೂ ಕಲಿಯಬೇಕಾದ ಪಾಠವೊಂದಿದೆ.

ಮಾರ್ಟಿನ್ ನೀಮೊಲರ್ 1892ರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿ, 1910ರಲ್ಲಿ ಕೈಸರನ ನೌಕಾಪಡೆ ಸೇರಿದರು. ಮೊದಲನೆಯ ಮಹಾಯುದ್ಧದ ಕೊನೆಯ ವರ್ಷ ಯು.ಸಿ. 67 ಎಂಬ ಜಲಾಂತರ್ಗಾಮಿಯ ನಾಯಕರಾದರು. ಕಡಲಿನಲ್ಲಿ ಸಿಡಿಮದ್ದು ಹುದುಗಿಸುವುದು, ಸರಕಿನ ಹಡಗುಗಳನ್ನು ಮುಳುಗಿಸುವುದು ಅದರ ಕೆಲಸ. ಜರ್ಮನಿ ಸೋತು ಗಣರಾಜ್ಯವಾಯಿತು. ಅದನ್ನು ಮನಸಾರೆ ಒಪ್ಪದ ನೀಮೊಲರ್ ನೌಕಾಪಡೆ ಬಿಟ್ಟು, ಕೆಲಕಾಲ ಹೊಲದಲ್ಲಿ ದುಡಿದು, ಪಾದ್ರಿಯಾಗಲು ಓದತೊಡಗಿದರು.

1920ರ ಮಾರ್ಚಿ ತಿಂಗಳಲ್ಲಿ ಕಾಪ್ ಎಂಬವನು ಸೈನಿಕರ ಬಲದಿಂದ ಬರ್ಲಿನ್ನಿನ ಅಧಿಕಾರ ಕಸಿದುಕೊಂಡ. ಕಾರ್ಮಿಕರು ದೇಶವ್ಯಾಪಿ ಮುಷ್ಕರ ಹೂಡಿದರು. ರೈಲು ನಿಂತಿತು, ಕಾರ್ಖಾನೆ ನಿಂತಿತು; ಐದೇ ದಿನಗಳಲ್ಲಿ ಕಾಪ್ ಕಾಲ್ತೆಗೆದ. ಆದರೆ ರೂರ್ ಸೀಮೆಯಲ್ಲಿ ಆಯುಧ ಹಿಡಿದೆದ್ದಿದ್ದ ಕಾರ್ಮಿಕರ ಮೇಲೆ, ಮುಷ್ಕರದಿಂದ ಉಳಿದ ಆ ಸರಕಾರವೇ ಸೈನ್ಯವನ್ನು ಬಿಟ್ಟಿತು. ಸಾವಿರಕ್ಕೂ ಮಿಕ್ಕಿ ಕಾರ್ಮಿಕರು ಸತ್ತರು. ಸೈನ್ಯದ ಜೊತೆಗೆ ಹೋದ ವಿದ್ಯಾರ್ಥಿಪಡೆಯ ಒಂದು ತುಕಡಿಗೆ ನೀಮೊಲರ್ ಮುಖಂಡರು!

1933ರಲ್ಲಿ ಅವರು ಹಿಟ್ಲರನ ಪಕ್ಷಕ್ಕೆ ಮತ ಕೊಟ್ಟರು. ಆ ವರ್ಷ ಮೊದಲು ಕಮ್ಯುನಿಸ್ಟರು ಸೆರೆಮನೆಗೆ ಹೋದರು. ಏಪ್ರಿಲ್ 1ರಂದು ನಾಜಿಗಳು ಯೆಹೂದ್ಯ ವ್ಯಾಪಾರಿಗಳ ಅಂಗಡಿಯ ಮುಂದೆ ನಿಂತು ಗಿರಾಕಿಗಳನ್ನು ತಡೆದರು. ಮೇ 1ರಂದು ಕಾರ್ಮಿಕರಿಗೆ ರಜೆ, ಮೆರವಣಿಗೆ, ಉಪಚಾರ. ಮರುದಿನವೇ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ಮುಖಂಡರನ್ನು ಹಿಡಿದರು. 1920ರ ಮುಷ್ಕರ ಈ ಸಲ ಏಳಲಿಲ್ಲ. ಕೆಲಸವಿಲ್ಲದವರು 60 ಲಕ್ಷ. ಸಮಾಜವಾದಿಗಳೂ ಕಮ್ಯುನಿಸ್ಟರೂ ಪರಸ್ಪರ ಹಗೆಗಳು. ಈ ತಪ್ಪು ನಮ್ಮ ಕಡೆಯದು, ಮುಚ್ಚಿಡುವುದು ಬೇಡ.

ನೀಮೊಲರ್ ಎದ್ದುನಿಂತದ್ದು ಹಿಟ್ಲರ್ ಚರ್ಚಿಗೆ ಕೈಹಾಕಿದ ಮೇಲೆ. 1937ರಲ್ಲಿ ಅವರನ್ನು ಹಿಡಿದರು. ನ್ಯಾಯಾಲಯ ವಿಧಿಸಿದ ಏಳು ತಿಂಗಳ ಶಿಕ್ಷೆ ಅಷ್ಟರಲ್ಲಿ ಮುಗಿದಿದ್ದರೂ ಬಿಡಲಿಲ್ಲ. ಸಾಕ್ಸೆನ್‌ಹೌಸನ್, ಬಳಿಕ ಡಖಾವ್ ಶಿಬಿರಗಳಲ್ಲಿ 1945ರವರೆಗೆ ಇಟ್ಟರು. 1939ರಲ್ಲಿ ಯುದ್ಧ ಹತ್ತಿದಾಗ, ಸೆರೆಯಲ್ಲಿದ್ದುಕೊಂಡೇ, ಮತ್ತೆ ನೌಕಾಪಡೆ ಸೇರುವೆನೆಂದು ಬರೆದುಕೊಟ್ಟಿದ್ದರು. ಹಳೆಯ ಅಭ್ಯಾಸ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಬಿಡುಗಡೆಯಾದ ಮೇಲೆ ಪತ್ನಿಯೊಡನೆ ಡಖಾವಿಗೆ ಹೋದಾಗ, ಹೆಣ ಸುಡುವ ಮನೆಯ ಬಳಿಯ ಹಲಗೆಯಲ್ಲಿ 1933ರಿಂದ 1945 ಎಂಬ ವರ್ಷಗಳನ್ನು ಕಂಡರು. 1937ರಿಂದ ತಾವೇ ಸೆರೆಯಾಳು, ಸರಿ. ಅದಕ್ಕೆ ಮೊದಲಿನ ನಾಲ್ಕು ವರ್ಷ ಏನು ಮಾಡುತ್ತಿದ್ದೆ? ಉತ್ತರವಿರಲಿಲ್ಲ. ಪರರನ್ನು ಹಿಡಿದಾಗ ತಾವು ಸುಮ್ಮನಿದ್ದುದನ್ನು ಅಂದಿನಿಂದ ಸಭೆ ಸಭೆಯಲ್ಲಿ ಒಪ್ಪಿಕೊಂಡರು. ಪಶ್ಚಿಮ ಜರ್ಮನಿ ಮತ್ತೆ ಸೈನ್ಯ ಕಟ್ಟುವುದನ್ನೂ ಅಣುಬಾಂಬನ್ನೂ ಎದುರಿಸಿದರು. 1984ರಲ್ಲಿ, 92ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅದೇ ನೌಕಾಪಡೆಯ ದಂಡನಾಯಕ ಡ್ಯೋನಿಟ್ಸ್ ಹತ್ತು ವರ್ಷ ಶಿಕ್ಷೆ ಅನುಭವಿಸಿ 1956ರಲ್ಲಿ ಹೊರಬಂದು, ತನ್ನದು ತಪ್ಪಿಲ್ಲವೆಂದೇ ಸಾಧಿಸಿದ. ನೀಮೊಲರರ ದೊಡ್ಡತನ ತಪ್ಪು ಮಾಡದಿರುವುದರಲ್ಲಿಲ್ಲ, ಒಪ್ಪಿಕೊಂಡುದರಲ್ಲಿದೆ.

ಸಂಗಾತಿಗಳೆ, ಸಂಘದ ಬಾಗಿಲಿಗೆ ಬೀಗ ಬಿದ್ದಾಗ ಅಂಗಡಿಕಾರ ಸುಮ್ಮನಿರಬಾರದು. ಅಂಗಡಿಯ ಬಾಗಿಲಿಗೆ ಬಿದ್ದಾಗ ಕಾರ್ಮಿಕ ಸುಮ್ಮನಿರಬಾರದು. ಹನ್ನೆರಡು ವರ್ಷ ಕಳೆದ ಮೇಲೆ ಪಶ್ಚಾತ್ತಾಪ ಪಡುವುದಕ್ಕಿಂತ ಮೊದಲ ದಿನ ಒಂದು ಮಾತಾಡುವುದು ಮೇಲು.