ಮಹಮೂದ್ ಗವಾನರ ಪತ್ರಗಳು

ಬಲಾಢ್ಯ ದೇಶಗಳ ನಡುವೆ ಮಧ್ಯಮ ಬಲದ ದೇಶ ಹೇಗೆ ನಡೆದುಕೊಳ್ಳಬೇಕೆಂಬ ಚರ್ಚೆಯನ್ನು ತಾವು ಪತ್ರಿಕೆಗಳಲ್ಲಿ ಓದುತ್ತೀರಿ. ಆ ಪಾಠ ನಮ್ಮ ಚೌಡಾಪುರಕ್ಕೆ ದೂರದ್ದಲ್ಲ. ನಾವು ದಿನವೂ ಬಸ್ಸು ಹತ್ತಿ ಹೋಗುವ ಕಲಬುರಗಿಯೇ ಬಹಮನಿಗಳ ಮೊದಲಿನ ರಾಜಧಾನಿ. ಬಳಿಕ ಅದು ಬೀದರಕ್ಕೆ ಹೋಯಿತು.

ಆ ರಾಜ್ಯಕ್ಕೆ ಉತ್ತರದಲ್ಲಿ ಮಾಳವ, ಪೂರ್ವದಲ್ಲಿ ಒರಿಸ್ಸಾ, ದಕ್ಷಿಣದಲ್ಲಿ ವಿಜಯನಗರ. 1462ರಲ್ಲಿ ಮಾಳವದ ಸುಲ್ತಾನ ಬೀದರಿನವರೆಗೂ ನುಗ್ಗಿದಾಗ, ಗುಜರಾತಿನ ನೆರವಿನಿಂದ ರಾಜ್ಯ ಉಳಿಯಿತು. ಮುಂದೆ ಪ್ರಧಾನಿಯಾದ ಮಹಮೂದ್ ಗವಾನರು ತುರ್ಕಿಯ ಸುಲ್ತಾನ ಎರಡನೇ ಮೆಹಮದ್‌ನಿಗೂ ಫಾರಸಿಯಲ್ಲಿ ಪತ್ರ ಬರೆದರು. ಅವರ ಪತ್ರಗಳ ಸಂಗ್ರಹವೇ 'ರಿಯಾಜುಲ್ ಇನ್ಶಾ'. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದವರೂ ಅವರೇ. ಅದೇ ವರ್ಷ ಗೋವೆಯನ್ನೂ ಗೆದ್ದರು. ಆದರೆ ಶಿಕ್ಷಕನಾದ ನನಗೆ ಮದರಸಾವೇ ದೊಡ್ಡದು!

ಹೊರಗೆ ಇಷ್ಟು ಜಾಣ್ಮೆ. ಒಳಗೆ ಮಾತ್ರ ದಖ್ಖನಿಗಳು, ಪರದೇಶಿಗಳು ಎಂಬ ಕಚ್ಚಾಟ. 1481ರಲ್ಲಿ ವೈರಿಗಳು ಗವಾನರ ಮೊಹರು ಬಿದ್ದ ಕಾಗದದಲ್ಲಿ, ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಸುಳ್ಳು ಪತ್ರ ಬರೆದರು. ಮೊಹರು ನನ್ನದು, ಪತ್ರ ನನ್ನದಲ್ಲ ಎಂದರು ಗವಾನರು. ಸುಲ್ತಾನ ವಿಚಾರಣೆ ಮಾಡಲಿಲ್ಲ; ತಲೆ ಹೊಡೆಸಿದ. ಅನಂತರ ಕೆಲವೇ ದಶಕಗಳಲ್ಲಿ ರಾಜ್ಯ ಐದು ತುಂಡಾಯಿತು.