ಮದ್ದು ಹೊತ್ತ ಸಣ್ಣ ಕಾಳು



ಕಲ್ಯಾಣದುರ್ಗದ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬಂದವರನ್ನು ನೀವು ನೋಡಿರಬಹುದು. ಕೂದಲು ಉದುರಿರುತ್ತದೆ. ವಾಂತಿ, ಬಾಯಿ ಹುಣ್ಣು. "ರೋಗಕ್ಕಿಂತ ಮದ್ದೇ ಕಷ್ಟ" ಅಂತ ಕೆಲವರು ಅರ್ಧಕ್ಕೇ ಬಿಟ್ಟು ಬರ್ತಾರೆ. ಯಾಕೆ ಹೀಗಾಗುತ್ತೆ?

ನಮ್ಮ ಮೈ ಜೀವಕೋಶಗಳೆಂಬ ಸಣ್ಣ ಸಣ್ಣ ಇಟ್ಟಿಗೆಗಳಿಂದ ಆಗಿದೆ. ಆ ಮದ್ದು ಬೇಗ ಬೆಳೆಯುವ ಕೋಶಗಳನ್ನು ಕೊಲ್ಲುತ್ತದೆ. ಕ್ಯಾನ್ಸರ್ ಕೋಶ ಬೇಗ ಬೆಳೆಯುತ್ತೆ. ಕೂದಲ ಬುಡದ ಕೋಶವೂ ಬೇಗ ಬೆಳೆಯುತ್ತೆ. ಕಳ್ಳ ಯಾರು, ಮನೆಯವರು ಯಾರು ಅನ್ನೋದು ಮದ್ದಿಗೆ ಗೊತ್ತಾಗೋದಿಲ್ಲ.

ಚೀನಿ ತೋಟಕ್ಕೆ ಸುಮ್ಮನೆ ನೀರು ಹಾಯಿಸಿದರೆ ಕಳೆಗೂ ಹೋಗುತ್ತೆ. ಡ್ರಿಪ್ ಪೈಪು ಎಳೆದರೆ ಗಿಡದ ಬುಡಕ್ಕೇ ಬೀಳುತ್ತೆ. ಮದ್ದನ್ನೂ ಹಾಗೆ ಬೇಕಾದ ಜಾಗಕ್ಕೇ ಕಳಿಸಬೇಕು ಎಂದು ವಿಜ್ಞಾನಿಗಳು ಹುಡುಕಿದ ದಾರಿಗಳಲ್ಲಿ ನ್ಯಾನೋ ಕಣ ಒಂದು.

ಇದನ್ನು ಪಿಎಲ್‌ಜಿಎ ಎಂಬ ವಸ್ತುವಿನಿಂದ ಮಾಡ್ತಾರೆ. ಅದರಲ್ಲಿ ಎರಡು ಆಮ್ಲಗಳಿವೆ. ಒಂದು, ಮೊಸರಿಗೆ ಹುಳಿ ಕೊಡುವ ಆಮ್ಲವೇ. ಆಪರೇಶನ್ ಆದ ಮೇಲೆ ತಾನೇ ಕರಗುವ ಹೊಲಿಗೆ ದಾರವನ್ನೂ ಇಂಥದ್ದರಿಂದಲೇ ಮಾಡುತ್ತಾರೆ.

ಮೊದಲು ಪಿಎಲ್‌ಜಿಎ, ಮದ್ದು ಎರಡನ್ನೂ ಬೇಗ ಆರಿಹೋಗುವ ಒಂದು ದ್ರವದಲ್ಲಿ ಕರಗಿಸುತ್ತಾರೆ. ಅದನ್ನು ನೀರಿಗೆ ಸುರಿದು ಜೋರಾಗಿ ಕಡೆಯುತ್ತಾರೆ. ನೀರಿಗೆ ಎಣ್ಣೆ ಹಾಕಿ ಕಡೆದರೆ ಹನಿ ಹನಿ ಆಗೋದಿಲ್ಲವೇ, ಹಾಗೆ. ಹನಿಗಳು ಮತ್ತೆ ಒಂದಕ್ಕೊಂದು ಅಂಟಬಾರದು. ಅದಕ್ಕೆ ಸೋಪಿನಂತೆ ಕೆಲಸ ಮಾಡುವ ಒಂದು ಪುಡಿ ಸೇರಿಸುತ್ತಾರೆ. ದ್ರವ ಆರಿದಾಗ ಮದ್ದು ತುಂಬಿದ ಗಟ್ಟಿ ಕಾಳು ಉಳಿಯುತ್ತದೆ. ಎಷ್ಟು ಸಣ್ಣದು? ನಮ್ಮ ಒಂದು ಕೂದಲಿನ ದಪ್ಪದಲ್ಲಿ ಇಂಥ ಸುಮಾರು 500 ಕಾಳು ಸಾಲಾಗಿ ಕೂರುತ್ತವೆ.

ಕ್ಯಾನ್ಸರ್ ಗಂಟಿನ ರಕ್ತನಾಳಗಳು ಅವಸರದಲ್ಲಿ ಕಟ್ಟಿದ ಗೋಡೆಯಂತೆ. ಸಂದಿ ಇರುತ್ತೆ. ಕಾಳು ಆ ಸಂದಿಯಿಂದ ಒಳಗೆ ಹೋಗಿ ನಿಧಾನವಾಗಿ ಕರಗುತ್ತದೆ, ಮದ್ದು ಬಿಡುತ್ತದೆ. ಉಳಿದದ್ದು ನೀರಾಗಿ, ಉಸಿರಾಗಿ ಹೊರಗೆ ಹೋಗುತ್ತದೆ.

ಆದರೆ ಬಹಳಷ್ಟು ಕಾಳುಗಳನ್ನು ಪಿತ್ತಕೋಶದ ಪಕ್ಕದ ಯಕೃತ್ತು, ಅಂದರೆ ಲಿವರ್, ದಾರಿಯಲ್ಲೇ ಹಿಡಿದುಬಿಡುತ್ತದೆ. ಇಲಿಗಳಲ್ಲಿ ಕಂಡಷ್ಟು ಫಲ ಮನುಷ್ಯರಲ್ಲಿ ಕಂಡಿಲ್ಲ. ಇದೇ ವಸ್ತುವಿನ ಸ್ವಲ್ಪ ದಪ್ಪ ಕಾಳುಗಳಲ್ಲಿ ತುಂಬಿದ, ತಿಂಗಳಿಗೊಂದೇ ಸಲ ಕೊಡುವ ಇಂಜೆಕ್ಷನ್ನಿಗೆ ಅಮೆರಿಕದಲ್ಲಿ 1989ರಲ್ಲೇ ಒಪ್ಪಿಗೆ ಸಿಕ್ಕಿತು. ಅದು ಗಂಡಸರ ಪ್ರಾಸ್ಟೇಟ್ ಕ್ಯಾನ್ಸರಿಗೆ.

"ನನ್ನ ಹತ್ತಿರ ನ್ಯಾನೋ ಮದ್ದಿದೆ, ಆಸ್ಪತ್ರೆ ಬೇಡ" ಅಂತ ಯಾರಾದರೂ ಬಂದರೆ ಕಾಸು ಬಿಚ್ಚಬೇಡಿ. ಆಸ್ಪತ್ರೆಯ ಮದ್ದನ್ನು ನಡುವೆ ಬಿಡಬೇಡಿ. ವಾಂತಿ ತಡೆಯಲು ಈಗ ಒಳ್ಳೆಯ ಮಾತ್ರೆಗಳಿವೆ, ಡಾಕ್ಟರನ್ನು ಕೇಳಿ ಪಡೆಯಿರಿ. ಉದುರಿದ ಕೂದಲು, ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಬರುತ್ತದೆ.